ಕೊನೆ ಗೊತ್ತಿಲ್ಲದ ಕಥೆ: ಮೊದಲ ಸಲ ರೋಲ್‌ಪ್ಲೇಯಿಂಗ್ ಆಟ ನಡೆಸುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ಆಡಬೇಕಾದರೆ ಬೆಂಗಳೂರಿಗೇ ಹೋಗಬೇಕು ಎಂದು ನಮ್ಮ ಚಿಕ್ಕಮಗಳೂರಿನಲ್ಲಿ ಹಲವರು ಅಂದುಕೊಂಡಿದ್ದಾರೆ. ಹೋಗಬೇಕಾಗಿಲ್ಲ. ಒಂದು ಮೇಜು, ನಾಲ್ಕೈದು ಜನ, ಎರಡು ಲೂಡೋ ದಾಳ, ಪೆನ್ಸಿಲ್, ಒಂದಿಷ್ಟು ಹಾಳೆ ಇದ್ದರೆ ಸಾಕು. ನಾನು ಕೆಲವು ವರ್ಷಗಳಿಂದ ಇಲ್ಲೇ ಆಟ ನಡೆಸುತ್ತಿದ್ದೇನೆ. ಗೆಳೆಯರು ನಡೆಸಿದಾಗ ಆಡಲು ಕೂರುತ್ತೇನೆ. ಒಮ್ಮೆಯೂ ಆಡದವರು ಇದನ್ನು ಓದಿ ಮುಂದಿನ ಭಾನುವಾರವೇ ಒಂದು ಆಟ ನಡೆಸಬೇಕು ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಇದು ಎಂಥ ಆಟ

ಒಬ್ಬರು ಗೇಮ್ ಮಾಸ್ಟರ್, ಅಂದರೆ ಜಿಎಂ. ಉಳಿದವರೆಲ್ಲ ಆಟಗಾರರು. ಪ್ರತಿ ಆಟಗಾರನಿಗೂ ಒಂದು ಪಾತ್ರ ಇರುತ್ತದೆ. ಜಿಎಂ ಒಂದು ಸನ್ನಿವೇಶ ಹೇಳಿ "ಏನು ಮಾಡ್ತೀರಿ?" ಎಂದು ಕೇಳುತ್ತಾರೆ. ಆಟಗಾರರು ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾರೆ. ಅದು ಆಗುತ್ತೋ ಇಲ್ಲವೋ ಎಂಬ ಅನುಮಾನ ಬಂದಾಗ ದಾಳ ಹಾಕುತ್ತಾರೆ. ಆದದ್ದನ್ನು ಜಿಎಂ ಹೇಳಿ, ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ. ಇಡೀ ಆಟ ಇದೇ ಸುತ್ತು.

ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ 1974ರಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಈ ಬಗೆಯ ಆಟಗಳಲ್ಲಿ ಮೊದಲು ಅಂಗಡಿಗೆ ಬಂದದ್ದು. ಸೈನ್ಯದ ಬೊಂಬೆಗಳನ್ನಿಟ್ಟು ಆಡುವ ಯುದ್ಧದ ಆಟಗಳಿಂದ ಅದು ಹುಟ್ಟಿತು. ಇಡೀ ಪಡೆಯ ಬದಲು ಒಬ್ಬನೇ ಒಬ್ಬ ಮನುಷ್ಯನ ಪಾತ್ರ ಆಡಿದರೆ ಹೇಗೆ ಎಂಬ ಯೋಚನೆಯೇ ಅದರ ಬೇರು.

ನಮ್ಮ ಕಡೆಯವರಿಗೆ ಇದು ತೀರಾ ಹೊಸದಲ್ಲ. ಕೊಪ್ಪ, ಶೃಂಗೇರಿ ಕಡೆ ತಾಳಮದ್ದಲೆ ಕೇಳಿದ್ದೀರಲ್ವಾ? ಭಾಗವತರು ಪದ್ಯ ಹೇಳುತ್ತಾರೆ. ಅರ್ಥಧಾರಿಗಳು ವೇಷವಿಲ್ಲದೆ, ಕೂತಲ್ಲೇ, ಬರೆದಿಟ್ಟ ಮಾತಿಲ್ಲದೆ ಪಾತ್ರವಾಗಿ ವಾದ ಮಾಡುತ್ತಾರೆ. ರೋಲ್‌ಪ್ಲೇಯಿಂಗ್ ಆಟದ ಮೇಜು ಅದಕ್ಕೆ ಬಹಳ ಹತ್ತಿರ. ಒಂದೇ ಒಂದು ದೊಡ್ಡ ವ್ಯತ್ಯಾಸ ಇದೆ. ತಾಳಮದ್ದಲೆಯಲ್ಲಿ ಕರ್ಣ ಕೊನೆಗೆ ಸಾಯುತ್ತಾನೆ ಎಂಬುದು ಕೂತವರಿಗೆಲ್ಲ ಗೊತ್ತು. ಇಲ್ಲಿ ಕೊನೆ ಏನು ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಜಿಎಂಗೂ ಗೊತ್ತಿರಬಾರದು. ಈ ಮಾರ್ಗದರ್ಶಿಯಿಂದ ಒಂದೇ ಮಾತು ಇಟ್ಟುಕೊಳ್ಳುವುದಾದರೆ ಅದನ್ನೇ ಇಟ್ಟುಕೊಳ್ಳಿ. ಮುಂದೆ ಹೇಳುವ ಬಹಳಷ್ಟು ವಿಷಯ ಅದರಿಂದಲೇ ಬರುತ್ತದೆ.

ಹೆಜ್ಜೆ 1: ಜನ ಮತ್ತು ಸಮಯ

ಮೊದಲ ಸಲ ಮೂರು ಅಥವಾ ನಾಲ್ಕು ಆಟಗಾರರು ಸಾಕು. ಐದಾದರೆ ಒಬ್ಬೊಬ್ಬರ ಸರದಿ ಬರುವುದು ತಡ. ಇಬ್ಬರೇ ಆದರೆ ಯೋಚಿಸಲು ಬಿಡುವೇ ಸಿಗದೆ ಸುಸ್ತಾಗುತ್ತಾರೆ. ಫ್ಯಾಂಟಸಿ ಓದುವವರನ್ನೇ ಹುಡುಕಿಕೊಂಡು ಹೋಗಬೇಡಿ. ನನ್ನ ಮೇಜಿನಲ್ಲಿ ಚೆನ್ನಾಗಿ ಆಡಿದವರಲ್ಲಿ ಬ್ಯಾಂಕಿನ ನೌಕರರು, ಶಾಲೆ ಮೇಡಂಗಳು, ತೋಟ ನೋಡಿಕೊಳ್ಳುವವರು ಇದ್ದಾರೆ. ಊಟಕ್ಕೆ ಕೂತಾಗ ಊರಿನ ಸುದ್ದಿಯನ್ನು ದನಿ ಬದಲಿಸಿ ಹೇಳುವವರು ನಿಮ್ಮ ಮನೆಯಲ್ಲೇ ಇರುತ್ತಾರೆ. ಅವರನ್ನು ಕರೆಯಿರಿ. ಕರೆಯುವಾಗ ನಿಯಮದ ಮಾತು ಎತ್ತಬೇಡಿ. "ಮಾತಾಡ್ತಾ ಮಾತಾಡ್ತಾ ಒಂದು ಪತ್ತೇದಾರಿ ಕಥೆ ಕಟ್ಟೋಣ, ನೀನೂ ಒಂದು ಪಾತ್ರ ಆಗು" ಅಂದರೆ ಸಾಕು.

ಒಂದು ಸೆಷನ್‌ಗೆ ಮೂರು ಗಂಟೆ ಇಡಿ. ಮೊದಲ ಅರ್ಧ ಗಂಟೆ ಕಾಫಿ, ಹರಟೆಯಲ್ಲೇ ಹೋಗುತ್ತದೆ. ಹೋಗಲಿ ಬಿಡಿ. ಮೂಡಿಗೆರೆ, ಆಲ್ದೂರು ಕಡೆಯಿಂದ ಬರುವವರಿದ್ದರೆ ಅವರ ಕೊನೆ ಬಸ್ಸಿನ ಹೊತ್ತು ಮೊದಲೇ ಕೇಳಿಕೊಂಡು, ಅದಕ್ಕಿಂತ ಮುಕ್ಕಾಲು ಗಂಟೆ ಮುಂಚೆ ಆಟ ಮುಗಿಸುವಂತೆ ನೋಡಿಕೊಳ್ಳಿ. ಗಡಿಯಾರ ನೋಡುತ್ತಾ ಕೂತವರಿಗೆ ಪಾತ್ರದೊಳಗೆ ಇಳಿಯಲು ಆಗುವುದಿಲ್ಲ.

ತೋಟದವರ ಜೊತೆ ಆಡುವುದಾದರೆ ಕಾಲ ನೋಡಬೇಕು. ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಂತೋ ಇಲ್ಲವೋ ಎಂಬ ಚಿಂತೆ. ಅವರು ನಿರಾಳವಾಗಿ ಸಿಗುವುದು ಮಳೆಗಾಲದಲ್ಲಿ. ಜುಲೈ, ಆಗಸ್ಟ್‌ನಲ್ಲಿ ಹೊರಗೆ ಹೋಗಲೂ ಆಗದು, ಕರೆಂಟೂ ನೆಚ್ಚಿಕೊಳ್ಳುವಂತಿಲ್ಲ. ಈ ಆಟಕ್ಕೆ ಕರೆಂಟ್ ಬೇಡವೇ ಬೇಡ. ಒಂದು ಎಮರ್ಜೆನ್ಸಿ ಲ್ಯಾಂಪ್ ಚಾರ್ಜ್ ಮಾಡಿಟ್ಟುಕೊಳ್ಳಿ.

ಹೆಜ್ಜೆ 2: ಯಾವ ನಿಯಮ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅಂದರೆ ಡಿ ಅಂಡ್ ಡಿ ಹೆಸರು ಎಲ್ಲರೂ ಕೇಳಿರುತ್ತಾರೆ. ಹಾಗಾಗಿ ಅದರಿಂದಲೇ ಶುರು ಮಾಡಲು ಮನಸ್ಸಾಗುತ್ತದೆ. ಅದರಲ್ಲಿ ಇಪ್ಪತ್ತು ಮುಖದ ದಾಳ ಹಾಕಿ, ಆ ಕೆಲಸಕ್ಕೆ ಬೇಕಾದ ಗುಣದಲ್ಲಿ ಪಾತ್ರಕ್ಕಿರುವ ಅಂಕ ಕೂಡಿಸಿ, ಜಿಎಂ ಇಟ್ಟ ಗುರಿ ಮುಟ್ಟಿತೋ ಎಂದು ನೋಡಬೇಕು. ಸುಲಭದ ಕೆಲಸಕ್ಕೆ ಗುರಿ 10, ನಡುವಿನದಕ್ಕೆ 15, ಕಷ್ಟದ್ದಕ್ಕೆ 20. ಅದರ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟಿದ್ದಾರೆ. ದುಡ್ಡು ಕೊಡದೆ ಇಳಿಸಿಕೊಂಡು ಬಳಸಬಹುದು. ಒಳ್ಳೆಯ ಆಟ. ಆದರೆ ಪಾತ್ರ ತಯಾರಿಸಲಿಕ್ಕೇ ಹೊಸಬರಿಗೆ ಒಂದು ಗಂಟೆ ಹಿಡಿಯುತ್ತದೆ. ಹೊಡೆದಾಟ ಶುರುವಾದರೆ ಇನ್ನೊಂದು ಗಂಟೆ. ಮೊದಲ ಸಲಕ್ಕೆ ನಾನು ಅದನ್ನು ಹೇಳುವುದಿಲ್ಲ.

ನಾನು ಹೇಳುವುದು ಎರಡು ಲೂಡೋ ದಾಳದ ಪದ್ಧತಿ. ವಿನ್ಸೆಂಟ್ ಬೇಕರ್ ಮತ್ತು ಮೆಗೆ ಬೇಕರ್ 2010ರಲ್ಲಿ ಹೊರತಂದ ಅಪೋಕ್ಯಾಲಿಪ್ಸ್ ವರ್ಲ್ಡ್ ಆಟದಿಂದ ಇದು ಹರಡಿತು. ಎರಡು ದಾಳ ಹಾಕಿ ಕೂಡಿಸಿ, ಪಾತ್ರದ ಅಂಕ ಸೇರಿಸಿ. 10 ಅಥವಾ ಜಾಸ್ತಿ ಬಂದರೆ ಅಂದುಕೊಂಡದ್ದು ಆಯಿತು. 7ರಿಂದ 9 ಬಂದರೆ ಆಯಿತು, ಆದರೆ ಏನೋ ಒಂದು ಬೆಲೆ ತೆರಬೇಕು. 6 ಅಥವಾ ಕಡಿಮೆ ಬಂದರೆ ಕೆಲಸ ಕೆಟ್ಟಿತು, ಮುಂದೇನು ಎಂಬುದನ್ನು ಜಿಎಂ ಹೇಳುತ್ತಾರೆ.

ಇದರ ಗಣಿತ ನೋಡಿ. ಎರಡು ದಾಳಕ್ಕೆ 36 ಬಗೆಯ ಫಲ ಇವೆ. ಅಂಕ ಸೊನ್ನೆ ಇರುವವರಿಗೆ ಪೂರ್ತಿ ಗೆಲುವು 36ರಲ್ಲಿ 6 ಸಲ, ಅಂದರೆ ಶೇ. 17. ಬೆಲೆ ತೆತ್ತ ಗೆಲುವು ಶೇ. 42, ಸೋಲು ಶೇ. 42. ಅಂಕ ಎರಡಾದರೆ ಇದು ತಿರುವುಮುರುವಾಗುತ್ತದೆ. ಪೂರ್ತಿ ಗೆಲುವು ಶೇ. 42, ಸೋಲು ಶೇ. 17. ನಡುವಿನ ಶೇ. 42 ಮಾತ್ರ ಹಾಗೇ ಉಳಿಯುತ್ತದೆ. ಈ ನಡುವಿನ ಭಾಗವೇ ಇದರ ಪ್ರಾಣ. ಇಪ್ಪತ್ತು ಮುಖದ ದಾಳದಲ್ಲಿ ಸಾಮಾನ್ಯವಾಗಿ ಆಯಿತು ಅಥವಾ ಆಗಲಿಲ್ಲ, ಎರಡೇ. ಇಲ್ಲಿ "ಆಯಿತು, ಆದರೆ" ಎಂಬುದು ಮತ್ತೆ ಮತ್ತೆ ಬರುತ್ತದೆ. ಆ "ಆದರೆ"ಯಿಂದಲೇ ಮುಂದಿನ ದೃಶ್ಯ ಹುಟ್ಟುತ್ತದೆ.

ಪಾತ್ರ ಮಾಡುವುದು ಹತ್ತು ನಿಮಿಷದ ಕೆಲಸ. ಹಾಳೆಯ ಮೇಲೆ ನಾಲ್ಕು ಗುಣ ಬರೆಯಿರಿ: ಕಸುವು, ಚುರುಕು, ಮಾತು, ಗಮನ. ಅವಕ್ಕೆ +2, +1, 0, −1 ಇವನ್ನು ಬೇಕಾದಂತೆ ಹಂಚಿ. ಪಾತ್ರದ ಹೆಸರು, ಕಸುಬು, ಇಲ್ಲಿರುವ ಒಬ್ಬರ ಜೊತೆ ಇರುವ ಸಂಬಂಧ, ಯಾರಿಗೂ ಹೇಳದ ಒಂದು ವಿಷಯ ಬರೆಯಿರಿ. ಕೆಳಗೆ ಮೂರು ಚೌಕ ಹಾಕಿ. ಪೆಟ್ಟು ಬಿದ್ದಾಗ ಒಂದೊಂದೇ ತುಂಬಿ. ಮೂರೂ ತುಂಬಿದರೆ ಆ ದೃಶ್ಯದಿಂದ ಹೊರಗೆ. ಸಾಯಬೇಕೆಂದೇನಿಲ್ಲ.

ದಾಳವೇ ಸಿಗದಿದ್ದರೆ ಅಜ್ಜಿ ಮನೆಯ ಚೌಕಾಬಾರದ ಕವಡೆ ತೆಗೆಯಿರಿ. ನಾಲ್ಕು ಕವಡೆ ಎಸೆದು ಮೂರು ಅಥವಾ ನಾಲ್ಕು ಮೇಲ್ಮುಖ ಬಿದ್ದರೆ ಪೂರ್ತಿ ಗೆಲುವು, ಎರಡು ಬಿದ್ದರೆ ಬೆಲೆ ತೆತ್ತ ಗೆಲುವು, ಒಂದು ಅಥವಾ ಯಾವುದೂ ಇಲ್ಲದಿದ್ದರೆ ಸೋಲು. ಕವಡೆ ಎರಡೂ ಕಡೆ ಸಮನಾಗಿ ಬೀಳುವುದಾದರೆ ಇದು ಶೇ. 31, 38, 31 ಆಗುತ್ತದೆ. ಅಂಕ ಒಂದು ಇದ್ದು ಎರಡು ದಾಳ ಹಾಕಿದಾಗ ಬರುವ ಶೇ. 28, 44, 28ಕ್ಕೆ ಇದು ಹತ್ತಿರ. ಆದರೆ ಕವಡೆ ಹಾಗೆ ಸಮನಾಗಿ ಬೀಳುವ ವಸ್ತುವಲ್ಲ. ಆಟಕ್ಕೆ ಮೊದಲು ಒಂದೈವತ್ತು ಸಲ ಎಸೆದು, ಯಾವ ಕಡೆಗೆ ಜಾಸ್ತಿ ಬೀಳುತ್ತದೆ ನೋಡಿಕೊಳ್ಳಿ. ಒಂದು ಬದಿ ತೇಯ್ದ ಹುಣಸೆ ಬೀಜಕ್ಕೂ ಇದೇ ಮಾತು.

ಹೆಜ್ಜೆ 3: ಆಡುವ ಮೊದಲು ಮಾತಾಡಿಕೊಳ್ಳಿ

ಇದನ್ನು ಸೆಷನ್ ಜೀರೋ ಎನ್ನುತ್ತಾರೆ. ಒಂದೇ ದಿನದ ಆಟವಾದರೆ ಕಾಲು ಗಂಟೆ ಸಾಕು. ಬಿಟ್ಟುಬಿಡುವುದು ಮಾತ್ರ ಬೇಡ.

ಆಟ ತಮಾಷೆಯದೋ, ಗಂಭೀರವೋ, ಭಯದ್ದೋ ಎಂದು ಮೊದಲು ಮಾತಾಡಿ. ಆಮೇಲೆ ಯಾವ ವಿಷಯ ಈ ಮೇಜಿಗೆ ಬರಲೇಬಾರದು ಎಂದು ಕೇಳಿ. ಇಲ್ಲಿ ನಮ್ಮ ಊರು ಗಮನದಲ್ಲಿರಬೇಕು. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯವರು ಮೇಜಿನಲ್ಲಿದ್ದರೆ ಕಾಡಾನೆ ಬರೀ ರೋಮಾಂಚನದ ವಿಷಯವಲ್ಲ. ಆನೆ ತುಳಿದು ಹೋದವರು ಅವರ ಬಂಧುವೋ ನೆರೆಯವರೋ ಆಗಿರಬಹುದು. ಕೇಳದೆ ಕಥೆಯೊಳಗೆ ಆನೆ ತರಬೇಡಿ. ಜಾತಿಯ ವಿಷಯವೂ ಹಾಗೆಯೇ. ಹಳ್ಳಿಯ ಕಥೆ ಆಡುವಾಗ ಜಾತಿ ಬಂದೇ ಬರುತ್ತದೆ. ಅದನ್ನು ಕಥೆಯಲ್ಲಿ ನಿಜವಾಗಿ ಎದುರಿಸುವುದೋ, ಹೊರಗಿಡುವುದೋ ಎಂದು ಎಲ್ಲರೂ ಸೇರಿ ನಿರ್ಧರಿಸಬೇಕು. ನಗೆಗೆ ಬಳಸುವುದು ಮಾತ್ರ ನನ್ನ ಮೇಜಿನಲ್ಲಿ ಇಲ್ಲ. ಊರಿನಲ್ಲಿ ಈಗಲೂ ಮನಸ್ಸು ನೋಯಿಸುತ್ತಿರುವ ಧರ್ಮದ ಜಗಳಗಳನ್ನೂ ಮೊದಲ ಆಟಕ್ಕೆ ತರಬೇಡಿ.

ಮೇಜಿನ ನಡುವೆ ಒಂದು ಚೀಟಿ ಇಟ್ಟು ಅದರ ಮೇಲೆ ದೊಡ್ಡದಾಗಿ ಗುಣಾಕಾರದ ಗುರುತು ಹಾಕಿ. ಜಾನ್ ಸ್ಟಾವ್ರೊಪೌಲೊಸ್ ರೂಪಿಸಿದ ಎಕ್ಸ್ ಕಾರ್ಡ್ ಇದು. ನಡೆಯುತ್ತಿರುವುದು ಯಾರಿಗಾದರೂ ಸಹಿಸಲು ಆಗದಿದ್ದರೆ ಆ ಚೀಟಿ ಮುಟ್ಟಿದರೆ ಆಯಿತು. ಆ ಭಾಗ ಬಿಟ್ಟು ಮುಂದೆ ಹೋಗುತ್ತೀರಿ. ಯಾಕೆ ಎಂದು ಯಾರೂ ಕೇಳುವಂತಿಲ್ಲ. ಹಿರಿಯರ ಮುಂದೆ "ನನಗೆ ಇದು ಬೇಡ" ಎಂದು ಬಾಯಿಬಿಟ್ಟು ಹೇಳಲು ನಮ್ಮಲ್ಲಿ ಎಷ್ಟೋ ಜನರಿಗೆ ಆಗುವುದಿಲ್ಲ. ಚೀಟಿ ಮುಟ್ಟಲು ಆಗುತ್ತದೆ.

ಹೆಜ್ಜೆ 4: ಸನ್ನಿವೇಶ ಕಟ್ಟುವುದು

ಹೊಸ ಜಿಎಂಗಳು ರಾತ್ರಿಯೆಲ್ಲ ಕೂತು ಕಥೆ ಬರೆಯುತ್ತಾರೆ. ಮೊದಲು ಇವರು ಅಲ್ಲಿಗೆ ಹೋಗುತ್ತಾರೆ, ಆಮೇಲೆ ಇದು ಸಿಗುತ್ತದೆ, ಕೊನೆಗೆ ಹೀಗಾಗುತ್ತದೆ. ಬರೆದ ಮೇಲೆ ಅದರ ಮೇಲೆ ಮಮತೆ ಹುಟ್ಟುತ್ತದೆ. ಆಟಗಾರರು ಬೇರೆ ದಾರಿ ಹಿಡಿದರೆ ಎಳೆದು ತರಬೇಕೆನಿಸುತ್ತದೆ. ಅದಕ್ಕೇ ಹೇಳುವುದು, ಕಥೆ ಬರೆಯಬೇಡಿ. ಯಾರು ಇದ್ದಾರೆ, ಯಾರಿಗೆ ಏನು ಬೇಕು, ಏನು ಆಗಿಹೋಗಿದೆ, ಯಾರೂ ಅಡ್ಡ ಬರದಿದ್ದರೆ ಮುಂದೆ ಏನಾಗುತ್ತದೆ ಎಂದಷ್ಟೇ ಬರೆಯಿರಿ. ಒಂದು ಹಾಳೆ ಮೀರಬಾರದು.

ನಾನು ಹೊಸಬರಿಗೆ ನಡೆಸುವ ಒಂದು ಸನ್ನಿವೇಶ ಇಲ್ಲಿದೆ. ಹಾಗೇ ಬಳಸಿಕೊಳ್ಳಿ.

ಜನವರಿ ತಿಂಗಳು. ಆಲ್ದೂರು ಕಡೆಯ ಒಂದು ಕಾಲ್ಪನಿಕ ಕಾಫಿ ತೋಟ. ತೋಟದ ಹೆಸರನ್ನು ಆಟಗಾರರೇ ಇಡಲಿ. ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದಿದೆ. ಪಲ್ಪರ್‌ಗೆ ಹಾಕಿ, ತೊಳೆದು, ಕಣದಲ್ಲಿ ಒಣಗಿಸಿದ ಕಾಫಿ ಬೀಜ, ಅಂದರೆ ಪಾರ್ಚ್‌ಮೆಂಟ್ ಗೋಡೌನ್‌ನಲ್ಲಿ ಮೂಟೆ ಕಟ್ಟಿಟ್ಟಿದ್ದರು. ಬೆಳಗ್ಗೆ ನೋಡಿದರೆ ಇಪ್ಪತ್ತು ಮೂಟೆ ಇಲ್ಲ. ಸಾಹುಕಾರರಿಗೆ ಲೈನ್ ಮನೆಗೆ, ಅಂದರೆ ಕೂಲಿಯವರ ಸಾಲುಮನೆಗೆ, ಈ ವರ್ಷ ಹೊಸದಾಗಿ ಬಂದ ಕೂಲಿಯ ಒಂದು ಕುಟುಂಬದ ಮೇಲೆ ಅನುಮಾನ. ನಾಳೆ ಬೆಳಗ್ಗೆ ಪೊಲೀಸರನ್ನು ಕರೆಸುತ್ತೇನೆ ಎಂದಿದ್ದಾರೆ. ಈಗ ಮಧ್ಯಾಹ್ನ ಮೂರು ಗಂಟೆ.

ಆದದ್ದು ಏನೆಂದರೆ, ಸಾಹುಕಾರರ ಮಗ ಸಾಲ ತೀರಿಸಲು ಬಾಡಿಗೆ ಪಿಕಪ್‌ನಲ್ಲಿ ಮೂಟೆ ಸಾಗಿಸಿದ್ದಾನೆ. ಕಾವಲುಗಾರನನ್ನು ಏನೋ ನೆಪ ಹೇಳಿ ಪೇಟೆಗೆ ಕಳಿಸಿದ್ದ. ಗೋಡೌನ್‌ನ ಎರಡನೇ ಬೀಗದ ಕೈ ಅವನ ಹತ್ತಿರ ಇರುವುದು ತೋಟದ ಲೆಕ್ಕ ಬರೆಯುವ ರೈಟರಿಗೆ ಗೊತ್ತು. ಆದರೆ ಕೆಲಸ ಹೋಗುವ ಭಯ. ಮೇಸ್ತ್ರಿಗೆ ಆ ಹೊಸ ಕುಟುಂಬವನ್ನು ಕರೆತಂದದ್ದು ತಾನೇ ಎಂಬ ಅಳುಕು. ಪಿಕಪ್ ಮಾತ್ರ ಇನ್ನೂ ದೂರ ಹೋಗಿಲ್ಲ. ಆಲ್ದೂರಿನ ಹೊರಗಿನ ಒಂದು ಶೆಡ್‌ನಲ್ಲಿ ನಿಂತಿದೆ. ಇವತ್ತು ರಾತ್ರಿ ಹೊರಡುತ್ತದೆ.

ಆಟಗಾರರ ಪಾತ್ರಗಳು: ತೋಟದ ಜೀಪ್ ಡ್ರೈವರ್, ಊರಿನ ಶಾಲೆಯ ಟೀಚರ್, ರಜೆಗೆ ಬಂದಿರುವ ಸಾಹುಕಾರರ ತಂಗಿಯ ಮಗಳು, ಲೈನ್ ಮನೆಯಲ್ಲೇ ಬೆಳೆದ ಮೆಕ್ಯಾನಿಕ್. ನಾಲ್ವರಿಗೂ ಈ ವಿಷಯದಲ್ಲಿ ಸುಮ್ಮನೆ ಇರಲಾಗದ ಒಂದು ಕಾರಣ ಇರಲಿ. ಆ ಕಾರಣ ಏನೆಂದು ಆಟಗಾರರನ್ನೇ ಕೇಳಿ.

ಪತ್ತೇದಾರಿ ಆಟಗಳು ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ. ಆಟಗಾರರು ಒಂದು ಸುಳಿವು ಕಾಣದೆ ಹೋದರೆ ಎಲ್ಲ ನಿಂತುಹೋಗುತ್ತದೆ. ಅದಕ್ಕೆ ಜಸ್ಟಿನ್ ಅಲೆಕ್ಸಾಂಡರ್ ಎಂಬ ಲೇಖಕ ಕೊಟ್ಟ ಮದ್ದು ನನಗೆ ಯಾವತ್ತೂ ಕೈಕೊಟ್ಟಿಲ್ಲ: ಆಟಗಾರರಿಗೆ ಗೊತ್ತಾಗಲೇಬೇಕಾದ ಪ್ರತಿ ವಿಷಯಕ್ಕೂ ಮೂರು ಸುಳಿವು ಇಡಿ. ಕಳ್ಳನ ಹತ್ತಿರ ಬೀಗದ ಕೈ ಇತ್ತು ಎಂಬುದಕ್ಕೆ ಬೀಗ ಒಡೆದಿಲ್ಲ, ಬಂಗಲೆಯ ಗೂಟದಲ್ಲಿ ಒಂದು ಕೀ ಇಲ್ಲ, ರೈಟರ್ ಕಣ್ಣು ತಪ್ಪಿಸುತ್ತಾರೆ. ಮೂಟೆ ಹಿಂದಿನ ಗೇಟಿನಿಂದ ಹೋಯಿತು ಎಂಬುದಕ್ಕೆ ಅಲ್ಲಿ ಚೆಲ್ಲಿದ ಪಾರ್ಚ್‌ಮೆಂಟ್, ಧೂಳಿನ ಮೇಲೆ ಟೈರಿನ ಗುರುತು, ರಾತ್ರಿ ಗಾಡಿ ಸದ್ದು ಕೇಳಿದ ಲೈನ್ ಮನೆಯ ಮಗು. ಮಗನಿಗೆ ದುಡ್ಡಿನ ತುರ್ತು ಇತ್ತು ಎಂಬುದಕ್ಕೆ ಮೂರು ಸುಳಿವು ನೀವೇ ಯೋಚಿಸಿ.

ಕೊನೆಗೆ ಒಂದು ಗಡಿಯಾರ. ಜಾನ್ ಹಾರ್ಪರ್ ಅವರ ಬ್ಲೇಡ್ಸ್ ಇನ್ ದಿ ಡಾರ್ಕ್ ಆಟ ಬಂದ ಮೇಲೆ ಇದನ್ನು ಬಹಳ ಜನ ಬಳಸುತ್ತಿದ್ದಾರೆ. ಹಾಳೆಯ ಮೇಲೆ ಒಂದು ವೃತ್ತ ಬರೆದು ಆರು ಭಾಗ ಮಾಡಿ. ಅದರ ಹೆಸರು "ಪಿಕಪ್ ಹೊರಟಿತು". ದಾಳದಲ್ಲಿ ಸೋತಾಗ, ಸುಮ್ನೆ ಹೊತ್ತು ಕಳೆದಾಗ ಒಂದು ಭಾಗ ತುಂಬಿ. ಹಾಳೆ ಎಲ್ಲರಿಗೂ ಕಾಣುವಂತಿರಲಿ. ನಾಲ್ಕನೇ ಭಾಗ ತುಂಬುವ ಹೊತ್ತಿಗೆ ಆಟಗಾರರು ಕುರ್ಚಿಯ ತುದಿಗೆ ಬಂದಿರುತ್ತಾರೆ.

ಕೊನೆಯಲ್ಲಿ ಏನಾಗಬೇಕು ಎಂದು ನಾನು ಬರೆದಿಲ್ಲ, ನೋಡಿ. ಇದೇ ಸನ್ನಿವೇಶದಲ್ಲಿ ಒಂದು ಗುಂಪು ಮಗನನ್ನು ಅಪ್ಪನ ಎದುರು ಕೂರಿಸಿ ಒಪ್ಪಿಸಿತು. ಇನ್ನೊಂದು ಗುಂಪು ಯಾರಿಗೂ ಹೇಳದೆ ಮೂಟೆಗಳನ್ನು ಗೋಡೌನ್‌ಗೆ ವಾಪಸ್ ತಂದಿಟ್ಟಿತು. ಮತ್ತೊಂದು ಗುಂಪಿಗೆ ಮೂಟೆಯ ಚಿಂತೆಯೇ ಇರಲಿಲ್ಲ. ಬೆಳಗಾಗುವುದರೊಳಗೆ ಆ ಕೂಲಿ ಕುಟುಂಬವನ್ನು ಕಾಪಾಡಬೇಕು, ಅಷ್ಟೇ. ಸತ್ಯ ಎಲ್ಲ ಸಲವೂ ಅದೇ. ಅದರ ಜೊತೆ ಏನು ಮಾಡಬೇಕು ಎಂಬುದರಲ್ಲಿ ಜನ ಬೇರೆ ಬೇರೆ. ಅದನ್ನು ನೋಡಲಿಕ್ಕೇ ನಾನು ಜಿಎಂ ಕುರ್ಚಿಯಲ್ಲಿ ಕೂರುವುದು.

ಹೆಜ್ಜೆ 5: ಆಟ ನಡೆಸುವುದು

ನಿಯಮ ವಿವರಿಸುತ್ತಾ ಕೂರಬೇಡಿ. ಎರಡು ನಿಮಿಷ ಹೇಳಿ, ನೇರ ದೃಶ್ಯಕ್ಕೆ ಇಳಿಯಿರಿ. ಉಳಿದದ್ದು ಆಡುತ್ತಾ ಗೊತ್ತಾಗುತ್ತದೆ. ಮೊದಲ ದೃಶ್ಯ ಹೀಗಿರಬಹುದು:

ಜಿಎಂ: ಗೋಡೌನ್ ಬಾಗಿಲ ಬೀಗ ಹಾಗೇ ಇದೆ, ಒಡೆದಿಲ್ಲ. ರೈಟರು ಕೀ ಗೊಂಚಲು ಹಿಡ್ಕೊಂಡು ನಿಂತಿದಾರೆ. ಇಷ್ಟು ಚಳಿಯಲ್ಲೂ ಹಣೆ ಒರೆಸ್ಕೊಳ್ತಿದಾರೆ. ಏನು ಮಾಡ್ತೀರಿ?

ಡ್ರೈವರ್: ನಾನು ಅವರನ್ನ ಪಕ್ಕಕ್ಕೆ ಕರೀತೀನಿ. "ರೈಟ್ರೇ, ಇನ್ನೊಂದು ಕೀ ಯಾರ ಹತ್ರ ಐತೆ?" ಅಂತ ಮೆಲ್ಲಗೆ ಕೇಳ್ತೀನಿ.

ಜಿಎಂ: ಅವರಿಗೆ ಹೇಳೋಕೆ ಮನಸ್ಸಿಲ್ಲ. ದಾಳ ಹಾಕು. ಮಾತು ಎಷ್ಟಿದೆ ನಿಂಗೆ?

ಡ್ರೈವರ್: ಸೊನ್ನೆ. ಹಾಕ್ದೆ. ಐದು, ಮೂರು. ಎಂಟು.

ಜಿಎಂ: ಎಂಟು ಅಂದ್ರೆ ಆಗುತ್ತೆ, ಆದ್ರೆ ಬೆಲೆ ಇದೆ. "ಚಿಕ್ಕ ಸಾವ್ಕಾರ್ರ ಹತ್ರ ಐತೆ ಕಣೋ. ನಾನು ಹೇಳ್ದೆ ಅಂತ ಗೊತ್ತಾದ್ರೆ ನನ್ನ ಕೆಲ್ಸ ಹೋಯ್ತು." ಅಷ್ಟರಲ್ಲಿ ನೀನು ತಲೆ ಎತ್ತಿದರೆ ಬಂಗಲೆ ವರಾಂಡದಲ್ಲಿ ಚಿಕ್ಕ ಸಾವ್ಕಾರ್ರು ನಿಂತು ನಿಮ್ಮಿಬ್ಬರನ್ನೇ ನೋಡ್ತಿದಾರೆ. ಟೀಚರ್, ನೀವು ಈಗ ಎಲ್ಲಿದೀರಿ?

ಇಷ್ಟು ಸಣ್ಣ ಮಾತುಕತೆಯಲ್ಲಿ ಜಿಎಂ ಮಾಡಬೇಕಾದ ಕೆಲಸ ಬಹಳಷ್ಟು ಇದೆ. ಕಣ್ಣಿಗೆ ಕಾಣುವ ಒಂದೆರಡು ವಿವರ ಕೊಟ್ಟರು, ಜಾಸ್ತಿ ಕೊಡಲಿಲ್ಲ. ಸುಳಿವನ್ನು ಬಚ್ಚಿಡಲಿಲ್ಲ. ಬೆಲೆ ಎಂದರೆ ಏನೆಂದು ಕಥೆಯೊಳಗಿಂದಲೇ ತೋರಿಸಿದರು. ತಕ್ಷಣ ಇನ್ನೊಬ್ಬ ಆಟಗಾರರ ಕಡೆ ತಿರುಗಿದರು.

ದಾಳ ಯಾವಾಗ ಹಾಕಿಸಬೇಕು? ಗೆದ್ದರೂ ಸೋತರೂ ಕಥೆ ಬೇರೆ ಕಡೆ ತಿರುಗುವಾಗ ಮಾತ್ರ. ಚೆಲ್ಲಿದ ಕಾಫಿ ನೋಡಲು ದಾಳ ಬೇಡ. ಹೋದರೆ ಕಾಣುತ್ತದೆ, ಅಷ್ಟೇ. ಶೆಡ್ ಕಾಯುವವನಿಗೆ ಗೊತ್ತಾಗದಂತೆ ಒಳಗೆ ನುಗ್ಗಲು ದಾಳ ಬೇಕು. ಸೋಲು ಬಂದಾಗ "ಏನೂ ಆಗಲಿಲ್ಲ" ಎಂದು ಹೇಳಲೇಬೇಡಿ. ಬಾಗಿಲು ತೆರೆಯದಿದ್ದರೆ ಒಳಗಿಂದ ಯಾರೋ ತೆರೆಯಲಿ. ಮಾತು ಫಲಿಸದಿದ್ದರೆ ಎದುರಿನವರು ಸಿಟ್ಟಾಗಿ ಸಾಹುಕಾರರಿಗೆ ಫೋನ್ ಮಾಡಲಿ. ಪ್ರತಿ ಸೋಲಿನ ನಂತರವೂ ಆಟಗಾರರಿಗೆ ಮಾಡಲು ಏನೋ ಒಂದು ಇರಬೇಕು.

ಎಲ್ಲ ಮೇಜಿನಲ್ಲೂ ಒಬ್ಬರು ಜಾಸ್ತಿ ಮಾತಾಡುತ್ತಾರೆ, ಒಬ್ಬರು ಸುಮ್ಮನಿರುತ್ತಾರೆ. ಸುಮ್ಮನಿರುವವರನ್ನು "ನೀನೂ ಏನಾದ್ರೂ ಮಾಡು" ಎಂದು ಒತ್ತಾಯಿಸಬೇಡಿ. ಅವರ ಪಾತ್ರಕ್ಕೆ ಮಾತ್ರ ಗೊತ್ತಿರುವುದನ್ನು ಕೇಳಿ. "ಈ ಟೈರಿನ ಗುರುತು ನೋಡಿದ್ರೆ ಮೆಕ್ಯಾನಿಕ್‌ಗೆ ಏನು ಅನ್ಸುತ್ತೆ?" ಆಗ ಇಡೀ ಮೇಜು ಅವರ ಕಡೆ ತಿರುಗುತ್ತದೆ. ಅವರು ಹೇಳಿದ್ದೇ ಸತ್ಯವಾಗಲಿ. ನೀವು ಬರೆದಿಟ್ಟುಕೊಂಡದ್ದಕ್ಕಿಂತ ಅದು ಚೆನ್ನಾಗಿದ್ದರೆ ಹಾಳೆಯನ್ನು ತಿದ್ದಿ.

ಹಿರಿಯರು ಕಿರಿಯರು ಒಟ್ಟಿಗೆ ಆಡುವಾಗ ಒಂದು ತೊಡಕು ಬರುತ್ತದೆ. ಅತ್ತೆಯ ಪಾತ್ರ ಆಳು, ಸೊಸೆಯ ಪಾತ್ರ ಯಜಮಾನಿ ಆದರೆ "ನೀನು" ಎನ್ನಲು ಸೊಸೆಗೆ ಬಾಯಿ ಬರುವುದಿಲ್ಲ. ಪಾತ್ರದ ಹೆಸರು ಬರೆದ ಚೀಟಿಗಳನ್ನು ಮುಂದೆ ನಿಲ್ಲಿಸಿ, ಜಿಎಂ ಆದ ನೀವು ಎಲ್ಲರನ್ನೂ ಪಾತ್ರದ ಹೆಸರಿನಿಂದಲೇ ಕರೆಯಿರಿ. ಅರ್ಧ ಗಂಟೆಯಲ್ಲಿ ಸರಿಯಾಗುತ್ತದೆ. ಆಮೇಲೆ ಆ ಸ್ವಾತಂತ್ರ್ಯವನ್ನು ಅವರೇ ಖುಷಿಯಿಂದ ಬಳಸುತ್ತಾರೆ. ಭಾಷೆಯೂ ಅಷ್ಟೇ. ಹಾಸನದವರು ಹಾಸನದಂತೆ, ಶೃಂಗೇರಿಯವರು ಶೃಂಗೇರಿಯಂತೆ ಮಾತಾಡಲಿ. ಇಂಗ್ಲಿಷಿನಲ್ಲಿ ಆಡುವಾಗ ಮಾತಿಗೆ ತಡಕಾಡುತ್ತಿದ್ದವರು ತಮ್ಮ ಕನ್ನಡಕ್ಕೆ ಬಂದ ಕೂಡಲೇ ಜಗಳವನ್ನೂ ಆಡುತ್ತಾರೆ, ಚೌಕಾಸಿಯನ್ನೂ ಮಾಡುತ್ತಾರೆ.

ಒಂದೂವರೆ ಗಂಟೆಗೆ ಒಂದು ಬಿಡುವು ಕೊಡಿ. ತಿನ್ನಲು ಖಾರ ಮಂಡಕ್ಕಿ ಬೇಡ, ಹಾಳೆಯ ಮೇಲೆಲ್ಲ ಎಣ್ಣೆ. ಕೋಡುಬಳೆ ಆಗುತ್ತದೆ. ಬಿಡುವಿನಲ್ಲಿ ಆಟಗಾರರು ತಮ್ಮತಮ್ಮಲ್ಲೇ ಏನು ಮಾತಾಡುತ್ತಾರೆ ಎಂದು ಕೇಳಿಸಿಕೊಳ್ಳಿ. "ಮೇಸ್ತ್ರಿ ಮೇಲೆ ನನಗೆ ಡೌಟು" ಎಂದರೆ ಮುಂದಿನ ದೃಶ್ಯಕ್ಕೆ ಮೇಸ್ತ್ರಿಯನ್ನು ತನ್ನಿ.

ಆಟಗಾರರಾಗಿ ಕೂತಾಗ

ಜಿಎಂ ಆಗುವವರು ಆಗಾಗ ಆಟಗಾರರಾಗಿಯೂ ಕೂರಬೇಕು. ಕಾಯುವುದು ಎಷ್ಟು ಬೇಸರ, ತನ್ನ ಮಾತಿಗೆ ಬೆಲೆ ಸಿಕ್ಕಾಗ ಎಷ್ಟು ಖುಷಿ ಎಂಬುದು ಆಗಲೇ ಗೊತ್ತಾಗುವುದು.

ಒಳ್ಳೆಯ ಆಟಗಾರರೆಂದರೆ ಚೆನ್ನಾಗಿ ನಟಿಸುವವರು ಎಂದು ನಾನು ನಂಬುವುದಿಲ್ಲ. "ನನ್ನ ಪಾತ್ರ ಅವರಿಗೆ ಬೈದು ಎದ್ದು ಹೋಗುತ್ತೆ" ಎಂದು ಸಾದಾ ದನಿಯಲ್ಲಿ ಹೇಳಿದರೂ ಅದು ಆಟವೇ. ಒಳ್ಳೆಯ ಆಟಗಾರರು ಪಕ್ಕದವರ ಪಾತ್ರದ ಬಗ್ಗೆ ಕುತೂಹಲ ಇಟ್ಟುಕೊಂಡಿರುತ್ತಾರೆ. ತಮ್ಮ ಸರದಿ ಅಲ್ಲದಾಗ ಫೋನ್ ನೋಡುವುದಿಲ್ಲ. ಟೀಚರ್‌ಗೆ ಒಂದು ಗುಟ್ಟಿದೆ ಎಂದು ಗೊತ್ತಿದ್ದರೆ ಅದು ಹೊರಬರುವಂತೆ ಅವರ ಪಾತ್ರವನ್ನು ಮಾತಿಗೆಳೆಯುತ್ತಾರೆ. ಪಾತ್ರಕ್ಕೆ ಸದಾ ಒಂದು ಆಸೆ ಇರಲಿ, ಅದನ್ನು ಬಾಯಿಬಿಟ್ಟು ಹೇಳಿ. ಏನೂ ಬೇಡದ, ಯಾರನ್ನೂ ನಂಬದ, ಮೂಲೆಯಲ್ಲಿ ನಿಂತ ಪಾತ್ರ ಮಾಡಬೇಡಿ. ಅದನ್ನು ಕಥೆಯೊಳಗೆ ತರಲು ಉಳಿದವರೆಲ್ಲ ಒದ್ದಾಡಬೇಕಾಗುತ್ತದೆ. ಗುಟ್ಟು ಬರೆದುಕೊಂಡಿದ್ದರೆ ಅದನ್ನು ಮೊದಲ ಸೆಷನ್‌ನಲ್ಲೇ ಅರ್ಧ ಬಿಟ್ಟುಕೊಡಿ.

ಹೆಜ್ಜೆ 6: ಮುಂದುವರಿಸುವುದು

ಜನ "ಇನ್ನೊಂದು ಸಲ ಆಡೋಣ" ಅಂದರೆ ಅದು ಹಲವು ಸೆಷನ್ ನಡೆಯುವ ಕಥೆ, ಅಂದರೆ ಕ್ಯಾಂಪೇನ್ ಆಗುವ ಸೂಚನೆ. ಚಿಕ್ಕಮಗಳೂರು, ಹಾಸನ ಎಂಬ ನಮ್ಮ ಎರಡು ಜಿಲ್ಲೆಯಲ್ಲಿ ಅದಕ್ಕೆ ಬೇಕಾದ ಜಾಗ ಎಷ್ಟು ಇದೆ ಎಂದು ಒಮ್ಮೆ ನಕ್ಷೆ ಬಿಡಿಸಿ ನೋಡಿ.

ರಾಜರ ಕಾಲದ ಕಥೆ ಬೇಕಾದವರಿಗೆ ಹೊಯ್ಸಳರಿದ್ದಾರೆ. ಬೇಲೂರಿನ ದೇವಾಲಯ ಪ್ರತಿಷ್ಠೆಯಾದ 1117ರಿಂದ ದೆಹಲಿ ಸುಲ್ತಾನರ ಸೇನಾಪತಿ ಮಲಿಕ್ ಕಾಫೂರ್ ದ್ವಾರಸಮುದ್ರದ (ಈಗಿನ ಹಳೇಬೀಡು) ಮೇಲೆ ಬಂದ 1311ರವರೆಗೆ ಸುಮಾರು ಇನ್ನೂರು ವರ್ಷ. ಶಿಲ್ಪಿಗಳು, ವ್ಯಾಪಾರಿಗಳು, ಜೈನ ಬಸದಿಯವರು, ಗಡಿ ಕಾಯುವವರು ಎಲ್ಲರೂ ಪಾತ್ರವಾಗಬಹುದು. ಡಿ ಅಂಡ್ ಡಿ ನಿಯಮದಲ್ಲಿ ಕಾಲ್ನಡಿಗೆಯವರು ಸಾಧಾರಣ ವೇಗದಲ್ಲಿ ದಿನಕ್ಕೆ 24 ಮೈಲಿ, ಅಂದರೆ ಸುಮಾರು 39 ಕಿ.ಮೀ. ನಡೆಯುತ್ತಾರೆ. ಚಿಕ್ಕಮಗಳೂರಿನಿಂದ ಬೇಲೂರು ಸುಮಾರು 25 ಕಿ.ಮೀ., ಅಲ್ಲಿಂದ ಹಳೇಬೀಡು ಸುಮಾರು 16. ಹಾಗಾದರೆ ಹೊರಟ ದಿನ ರಾತ್ರಿ ಹಳೇಬೀಡು ಮುಟ್ಟಲು ಸ್ವಲ್ಪದರಲ್ಲಿ ಆಗುವುದಿಲ್ಲ. ನಡುದಾರಿಯಲ್ಲಿ ಎಲ್ಲೋ ಉಳಿಯಬೇಕು. ನೋಡಿ, ಒಂದು ದೃಶ್ಯ ಅಲ್ಲೇ ಸಿಕ್ಕಿತು.

ಕೋಟೆ ಬೇಕಾದರೆ ಸಕಲೇಶಪುರದ ಮಂಜರಾಬಾದ್ ಇದೆ. ಟಿಪ್ಪು ಸುಲ್ತಾನ್ ಕಾಲದಲ್ಲಿ, 1792ರಲ್ಲಿ ಕಟ್ಟಿದ್ದು. ಎಂಟು ಮೂಲೆಯ ನಕ್ಷತ್ರದ ಆಕಾರ. ಚಾಚಿದ ಆ ಮೂಲೆಗಳಿಂದ ಪಕ್ಕದ ಗೋಡೆಯ ಬುಡಕ್ಕೆ ಬಂದವರ ಮೇಲೂ ಗುಂಡು ಹಾರಿಸಬಹುದು. ಮೇಲಿಂದ ತೆಗೆದ ಚಿತ್ರ ಪ್ರಿಂಟ್ ಮಾಡಿ ಮೇಜಿನ ಮೇಲಿಟ್ಟರೆ ಅದೇ ನಕ್ಷೆ. ಈಗಿನ ಕಾಲದ ನಿಗೂಢ ಕಥೆಗೆ ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್ ಆಗಬಹುದು. ಮಳೆಗಾಲದಲ್ಲಿ ನೀರಿನೊಳಗೆ ನಿಂತಿರುತ್ತದೆ, ಬೇಸಿಗೆಯಲ್ಲಿ ನಡೆದು ಹೋಗಬಹುದು. ಜನ ಈಗಲೂ ಪವಿತ್ರವೆಂದು ನೋಡುವ ಜಾಗಗಳನ್ನು ಕಥೆಗೆ ತರುವಾಗ ಹೆಸರು ಬದಲಿಸಿ, ಆಕಾರ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ.

ಪ್ರತಿ ಸೆಷನ್ ಮುಗಿದ ಮೇಲೆ ಎರಡು ಪ್ರಶ್ನೆ ಕೇಳಿ: ಇವತ್ತು ಯಾವ ಗಳಿಗೆ ಚೆನ್ನಾಗಿತ್ತು? ಮುಂದಿನ ಸಲ ಯಾವುದರ ಬೆನ್ನು ಹತ್ತಬೇಕು ಅನ್ನಿಸುತ್ತಿದೆ? ಎರಡನೇ ಪ್ರಶ್ನೆಯ ಉತ್ತರವೇ ನಿಮ್ಮ ಮುಂದಿನ ತಯಾರಿ. ಒಂದು ನೋಟ್‌ಬುಕ್ಕಿನಲ್ಲಿ ಮೂರು ವಿಷಯ ಬರೆದಿಡಿ: ಯಾರಿಗೆ ಯಾರ ಮೇಲೆ ಸಿಟ್ಟಿದೆ, ಯಾವ ಮಾತು ಕೊಟ್ಟಿದ್ದಾರೆ, ಯಾವುದು ಅರ್ಧಕ್ಕೆ ನಿಂತಿದೆ. ಆ ರಾತ್ರಿಯೇ ಬರೆಯಿರಿ. ನಾಲ್ಕು ದಿನ ಬಿಟ್ಟರೆ ರೈಟರು ಆಡಿದ ಮಾತು ಯಾವುದು, ಮೇಸ್ತ್ರಿ ಆಡಿದ್ದು ಯಾವುದು ಎಂಬುದೇ ಕಲಸಿಹೋಗುತ್ತದೆ.

ಯಾರಾದರೂ ಒಬ್ಬರು ಬರದೆ ಇರುವುದು ಇದ್ದದ್ದೇ. ಮದುವೆ, ಮುಂಜಿ, ತೋಟದ ಕೆಲಸ, ಮಕ್ಕಳ ಪರೀಕ್ಷೆ. ಒಬ್ಬರಿಲ್ಲ ಎಂದು ಆಟ ನಿಲ್ಲಿಸಬೇಡಿ. ಇಬ್ಬರಿಲ್ಲದಿದ್ದರೆ ಮುಂದೂಡಿ. ಬರದವರ ಪಾತ್ರವನ್ನು ಬೇರೆಯವರ ಕೈಗೆ ಕೊಡಬೇಡಿ, ಸಾಯಿಸಲೂ ಬೇಡಿ. ಪೇಟೆಗೆ ಹೋಗಿದ್ದಾರೆ ಎಂದು ಹೇಳಿ ಮುಂದೆ ಹೋಗಿ. ಅವರು ವಾಪಸ್ ಬಂದ ದಿನ ಮೊದಲ ದೃಶ್ಯವನ್ನು ಅವರಿಗೇ ಕೊಟ್ಟು, ಪೇಟೆಯಲ್ಲಿ ಏನೇನಾಯಿತು ಎಂದು ಕೇಳಿ.